ಹಿರೋಷಿಮಾ ವಸ್ತುಸಂಗ್ರಹಾಲಯ: ಒಂದು ವಾಕ್ಯವಿಚಾರ

ಪದಗಳ ರಾಶಿಯು ವಾಕ್ಯವಲ್ಲ. ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳುಳ್ಳ ಪದಸಮೂಹವೇ ವಾಕ್ಯವೆಂದು ಶಾಸ್ತ್ರಕಾರರು ನಿರ್ಣಯಿಸಿರುವುದು ವಾಚಕರಿಗೆ ವಿದಿತವೇ ಆಗಿದೆ. ಈ ಲಕ್ಷಣವನ್ನು ವಸ್ತುಸಂಗ್ರಹಾಲಯಕ್ಕೂ ಅನ್ವಯಿಸಿ ನೋಡಬಹುದೆಂದು ನಮಗೆ ತೋರುತ್ತದೆ. ಅಲ್ಲಿಯ ಒಂದೊಂದು ವಸ್ತುವೂ ಒಂದು ಪದ. ಆರಿಸಿ ಜೋಡಿಸಿದವನೇ ವಕ್ತೃ. ಜಪಾನಿನ ಹಿರೋಷಿಮಾದಲ್ಲಿ 1955ನೆಯ ಇಸವಿ ಆಗಸ್ಟ್ 24ರಂದು ತೆರೆದ ಶಾಂತಿಸ್ಮಾರಕ ವಸ್ತುಸಂಗ್ರಹಾಲಯದಲ್ಲಿ ಶಿಲ್ಪಿ ಕೆಂಜೋ ತಾಂಗೆಯವರ ಕಟ್ಟಡವು ಪ್ರಖ್ಯಾತವಾಗಿದೆ. ನಾವು ಇಲ್ಲಿ ವಿಚಾರಿಸತಕ್ಕುದು ಕಟ್ಟಡವನ್ನಲ್ಲ, ವಕ್ತೃವನ್ನು.

ಆ ವಕ್ತೃ ನಾಗಾಓಕಾ ಶೋಗೋ ಎಂಬವರು. ಇವರು ಕವಿಗಳಲ್ಲ, ಹಿರೋಷಿಮಾದ ವಿಶ್ವವಿದ್ಯಾನಿಲಯದಲ್ಲಿ ಶಿಲೆಗಳನ್ನು ಪರೀಕ್ಷಿಸುತ್ತಿದ್ದ ಭೂಗರ್ಭಶಾಸ್ತ್ರಜ್ಞರು. 1945ರ ಆಗಸ್ಟ್ 6ರ ಬೆಳಿಗ್ಗೆ 8 ಗಂಟೆ 15 ನಿಮಿಷಕ್ಕೆ ಅಣುಬಾಂಬು ಸಿಡಿದ ಕೆಲವೇ ದಿನಗಳೊಳಗೆ ಸುಟ್ಟ ನಗರವನ್ನು ಹೊಕ್ಕರು. ಗೋಕೊಕು ದೇವಾಲಯದ ಆವರಣದಲ್ಲಿ ಕಲ್ಲುದೀಪದ ಪೀಠವೊಂದರ ಮೇಲೆ ಕುಳಿತಾಗ ಕಲ್ಲು ಮುಳ್ಳಿನಂತೆ ಚುಚ್ಚಿತಂತೆ. ನೋಡಿದರೆ ಗ್ರಾನೈಟ್ ಶಿಲೆಯ ಮೇಲ್ಮೈ ಕರಗಿ ಒರಟಾಗಿದ್ದಿತು. ಸಾಧಾರಣವಾದ ಬೆಂಕಿಗೆ ಈ ಶಿಲೆ ಹೀಗಾಗದೆಂಬುದನ್ನು ಬಲ್ಲವರಾದುದರಿಂದ, ಇದು ಹಿಂದೆಂದೂ ಕಾಣದ ತಾಪವೆಂದು ಅವರು ಊಹಿಸಿದರು. ಅಂದಿನಿಂದ ಕಲ್ಲು, ಹೆಂಚು, ಗಾಜುಗಳನ್ನು ಆಯ್ದು ಮನೆಗೆ ತರುವುದೇ ಅವರ ವ್ರತವಾಯಿತು. ಊರಿನ ಕೆಲವರು ಪ್ರತಿಫಲವನ್ನು ಬಯಸದೆ ನೆರವಾದರು. 1949ರಲ್ಲಿ ನಗರದ ಸಾರ್ವಜನಿಕ ಭವನದ ಕೊಠಡಿಯೊಂದರಲ್ಲಿ ಆ ಸಂಗ್ರಹವು ಪ್ರದರ್ಶಿತವಾಯಿತು. ಆರು ವರ್ಷಗಳ ಮೇಲೆ ಹೊಸ ಸಂಗ್ರಹಾಲಯಕ್ಕೆ ಅವರೇ ಪ್ರಥಮ ನಿರ್ದೇಶಕರಾದರು.

ಮೈಯೆಲ್ಲ ಗುಳ್ಳೆಯೆದ್ದ ಹೆಂಚು ತಾನೊಂದೇ ಇದ್ದರೆ ಏನನ್ನೂ ಹೇಳದು. ಇದು ಸಿಕ್ಕಿದ ಸ್ಥಳವಿದು, ಸ್ಫೋಟಕೇಂದ್ರದಿಂದ ಇಷ್ಟು ದೂರವೆಂದು ಪಕ್ಕದಲ್ಲಿ ಬರೆದರೆ ಕೂಡಲೆ ಅರ್ಥವು ಸ್ಫುರಿಸುತ್ತದೆ. ಇದೇ ಸನ್ನಿಧಿ. ಇಂಥ ಬರಹವು ಬರಿಯ ‘ವಾರ್ತೆ’ಯೆಂದು ಭಾಮಹನ ಮತದವರು ತಳ್ಳಿಹಾಕಬಹುದು. ದಂಡಿಯಾದರೋ ಸ್ವಭಾವೋಕ್ತಿಗೆ ಅಲಂಕಾರಗಳಲ್ಲಿ ಮೊದಲ ಮಣೆಯನ್ನು ಹಾಕಿದವನು. ಈ ವಿಷಯದಲ್ಲಿ ನಾವು ದಂಡಿಯ ಪಕ್ಷದವರು.

ಇನ್ನು ಯೋಗ್ಯತೆ. ‘ಬೆಂಕಿಯಿಂದ ನೀರೆರೆಯುತ್ತಾನೆ’ ಎಂಬುದು ಯೋಗ್ಯತೆಯಿಲ್ಲದ ವಾಕ್ಯಕ್ಕೆ ಪಾಠಶಾಲೆಗಳಲ್ಲಿ ಕೊಡುವ ಹಳೆಯ ಉದಾಹರಣೆ. 1956ರ ಮೇ ತಿಂಗಳಿನಿಂದ ಜೂನ್‌ವರೆಗೆ ಆ ಸಂಗ್ರಹಾಲಯದಲ್ಲಿ ಇಂಥದೊಂದು ವಾಕ್ಯವನ್ನು ರಚಿಸಿದರು. ಅಣುಶಕ್ತಿಯ ಶಾಂತಿಯುತ ಉಪಯೋಗವನ್ನು ಸಾರುವ ಪ್ರದರ್ಶನಕ್ಕೆಂದು, ನಾಗಾಓಕಾ ಮತ್ತು ಅವರ ಸಂಗಡಿಗರು ವರ್ಷಗಟ್ಟಲೆ ಕೂಡಿಸಿದ ವಸ್ತುಗಳನ್ನು ತೆಗೆದು ಬೇರೆಯ ಭವನಕ್ಕೆ ಸಾಗಿಸಲಾಯಿತು. ಕರಗಿದ ಕಲ್ಲುಗಳಿದ್ದ ಎಡೆಯಲ್ಲಿ ಅಣುಸ್ಥಾವರದ ಮಾದರಿಯೂ ಯಾಂತ್ರಿಕ ಹಸ್ತವೂ ನಿಂತವು. ಪ್ರದರ್ಶನವು ಮುಗಿದ ಬಳಿಕವೂ ಅವುಗಳಲ್ಲಿ ಕೆಲವು ಕೆಲವು ವರ್ಷ ಅಲ್ಲಿಯೇ ಉಳಿದವು.

ಇಲ್ಲಿ ಒಂದು ಶಂಕೆ. ಅದೇ ವರ್ಷದ ಆಗಸ್ಟ್‌ನಲ್ಲಿ ನಾಗಸಾಕಿಯಲ್ಲಿ ಸ್ಥಾಪಿತವಾದ, ಬಾಂಬಿನಿಂದ ನೊಂದು ಬದುಕುಳಿದವರ ಒಕ್ಕೂಟವೇ ಅಣುಶಕ್ತಿಯು ಮಾನವರ ಸುಖಕ್ಕೆ ತಿರುಗಲೆಂದು ಹಾರೈಸಿದೆಯಲ್ಲ; ಪ್ರದರ್ಶನವನ್ನು ದೂಷಿಸುವುದೇಕೆ? ಇದಕ್ಕೆ ಸಮಾಧಾನ: ಹಾರೈಕೆಯಲ್ಲಿ ದೋಷವಿಲ್ಲ. ಅದನ್ನು ಬೇರೆ ಯಾವ ಮಂಟಪದಲ್ಲಾದರೂ ಹೇಳಬಹುದಾಗಿತ್ತು. ದುಃಖಿಗಳ ಮಾತನ್ನು ನಡುವೆ ತಡೆದು, ಅವರ ಬಾಯಿಂದಲೇ ಇನ್ನೊಂದನ್ನು ನುಡಿಸಿದುದು ದೋಷ. ಕ್ಷೇಮೇಂದ್ರನು ಅನೌಚಿತ್ಯವೆಂದುದು ಇದನ್ನೇ ಅಲ್ಲವೆ?

ಆಕಾಂಕ್ಷೆಯ ವಿಷಯದಲ್ಲಿ ಮೂಲಸಂಗ್ರಹವೇ ಊನವಾಗಿದ್ದಿತೆಂದು ಒಪ್ಪಬೇಕು. ಯುದ್ಧವು ಹೇಗೆ ಬಂದಿತು, ಸೈನ್ಯದ ನೆಲೆಯಾಗಿದ್ದ ಆ ಊರು ಅದರಲ್ಲಿ ಏನು ಮಾಡಿತು ಎಂಬ ಪ್ರಶ್ನೆಗೆ ಕಲ್ಲುಗಳಲ್ಲಿ ಉತ್ತರವಿರಲಿಲ್ಲ. 1994ರಲ್ಲಿ ಪೂರ್ವಭವನವು ಸೇರಿದಾಗ ಈ ಕೊರತೆಯು ಸ್ವಲ್ಪಮಟ್ಟಿಗೆ ತುಂಬಿತು.

ಮತ್ತೊಂದು ಕೊರತೆಯನ್ನು ತುಂಬಿದವರು ಮೃತರ ಬಂಧುಗಳು. ಕಲ್ಲು ತಾಪವನ್ನು ಹೇಳಬಲ್ಲುದು, ಸತ್ತವರನ್ನು ಹೇಳಲಾರದು. ಕರುಣಕ್ಕೆ ಆಲಂಬನವು ಬೇಕಷ್ಟೆ. ಸುಟ್ಟ ಚರ್ಮವು ಜೋಲುವ ಮಾನವಪ್ರತಿಮೆಗಳನ್ನು ನಿಲ್ಲಿಸಿ ಅದನ್ನು ಒದಗಿಸಲು ಹಿಂದಿನವರು ಯತ್ನಿಸಿದ್ದರು. 2017ರಲ್ಲಿ ಅವನ್ನು ತೆಗೆದರು. ಕೆಲವರಿಗೆ ಇದು ರುಚಿಸಲಿಲ್ಲ, ನಮಗಂತೂ ಸಮ್ಮತವೇ. ನಿಜವಾದ ಅಂಗಿಯಿರುವೆಡೆಯಲ್ಲಿ ಬೊಂಬೆಗೇನು ಕೆಲಸ? 2019ರಲ್ಲಿ ಪುನಃ ತೆರೆದ ಮುಖ್ಯಭವನದಲ್ಲಿ ಮೃತರ ವಸ್ತುಗಳಿಗೇ ಪ್ರಾಧಾನ್ಯವುಂಟು. ಅಲ್ಲಿ ಒಂದು ಮೂರು ಗಾಲಿಯ ಪುಟ್ಟ ಬಂಡಿಯಿದೆ. ಅದನ್ನು ಓಡಿಸುತ್ತಿದ್ದ ಮಗುವಿಗೆ ಇನ್ನೂ ನಾಲ್ಕು ವರ್ಷ ತುಂಬಿರಲಿಲ್ಲ. ತಂದೆಯು ಮಗುವಿನೊಡನೆ ಬಂಡಿಯನ್ನೂ ಮನೆಯ ಹಿತ್ತಿಲಲ್ಲಿ ಹೂಳಿದನು. ನಾಲ್ವತ್ತು ವರ್ಷಗಳ ಮೇಲೆ, 1985ರಲ್ಲಿ, ಅಗೆದು ತೆಗೆದು ಸಂಗ್ರಹಾಲಯಕ್ಕೆ ಒಪ್ಪಿಸಿದನು. ನಾಗಾಓಕಾ ಅವರ ಹೆಸರಿನ ಜೊತೆಯಲ್ಲಿ ಇಂಥವರನ್ನೂ ಸಂಸ್ಥಾಪಕರ ಪಂಕ್ತಿಯಲ್ಲಿ ಎಣಿಸಬೇಕೆಂಬುದು ನಮ್ಮ ಅಭಿಪ್ರಾಯ.