ಗಟ್ಟಿಯೆಂದು ಕಂಡ ನೆಲ

ಸುಮಾರು 490 ಮೀಟರ್ ಅಗಲದ ಬೆನ್ನು ಕ್ಷುದ್ರಗ್ರಹವನ್ನು ನಾಸಾದ ಒಸೈರಿಸ್-ರೆಕ್ಸ್ ನೌಕೆ 2018ರ ಡಿಸೆಂಬರ್ 31ರಿಂದ ಸುತ್ತತೊಡಗಿತು. ಅದು ಕಳಿಸಿದ ಸಾವಿರಾರು ಚಿತ್ರಗಳಲ್ಲಿ ಹೆಚ್ಚು ಹೆಸರಾದದ್ದು ಆ ಕಾಯದ ಪೂರ್ಣ ನಕ್ಷೆ. 2019ರ ಮಾರ್ಚ್-ಏಪ್ರಿಲ್‌ನಲ್ಲಿ ಮೂರರಿಂದ ಐದು ಕಿಲೋಮೀಟರ್ ದೂರದಿಂದ ತೆಗೆದ 2,155 ಚಿತ್ರಗಳ ಜೋಡಣೆ ಅದು. ಒಂದು ಪಿಕ್ಸೆಲ್ ಎಂದರೆ ನೆಲದ ಮೇಲೆ ಐದು ಸೆಂಟಿಮೀಟರ್. ಅಲ್ಲಿಯವರೆಗೆ ಯಾವ ಆಕಾಶಕಾಯದ ಇಡೀ ಮೈಯೂ ಇಷ್ಟು ಸೂಕ್ಷ್ಮವಾಗಿ ನಕ್ಷೆಗೆ ಇಳಿದಿರಲಿಲ್ಲ.

ನಕ್ಷೆಯಾಗಿ ಇದರ ಉಪಕಾರ ದೊಡ್ಡದು. ದೂರದಿಂದ ಬೆನ್ನುವಿನ ಶಾಖ ಅಳೆದವರು ಅಲ್ಲಿ ಸಮುದ್ರದಂಡೆಯಂಥ ನುಣುಪು ನೆಲವಿದೆ ಎಂದು ಲೆಕ್ಕ ಹಾಕಿದ್ದರು. 50 ಮೀಟರ್ ಅಗಲದ ಬಯಲಿನಲ್ಲಿ ನೆಲದ ಮಾದರಿ ಎತ್ತುವ ಯೋಜನೆ ಸಿದ್ಧವಿತ್ತು. ಚಿತ್ರ ಬಂದಾಗ ಕಂಡದ್ದು ಬರೀ ಬಂಡೆ! ಕೊನೆಗೆ ಆರಿಸಿದ ನೈಟಿಂಗೇಲ್ ತಾಣದಲ್ಲಿ ಅಪಾಯವಿಲ್ಲದ ಜಾಗ ಹದಿನಾರು ಮೀಟರಿನಷ್ಟೇ. ಅಲ್ಲಿಗೆ ದಾರಿ ತೋರಿಸಿದ್ದೂ ಚಿತ್ರಗಳೇ. ಇಳಿಯುತ್ತಾ ತಾನು ಕಂಡದ್ದನ್ನು ಮೊದಲೇ ತುಂಬಿಸಿಟ್ಟ ಬಂಡೆ, ಕುಳಿಗಳ ಚಿತ್ರಗಳೊಂದಿಗೆ ತಾಳೆ ನೋಡಿದ ನೌಕೆ ಗುರಿಯಿಂದ ಒಂದು ಮೀಟರಿನೊಳಗೆ ನೆಲ ಮುಟ್ಟಿತು.

ಚಿತ್ರವಾಗಿ ಮಾತ್ರ ಅದು ನನಗೆ ಹಿಡಿಸುವುದಿಲ್ಲ. ಬೆನ್ನು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕು ಪಾಲನ್ನಷ್ಟೇ ಹಿಂದಿರುಗಿಸುವ, ಕಲ್ಲಿದ್ದಲಿನಂಥ ಕಪ್ಪು ಕಾಯ. ನಕ್ಷೆಯಲ್ಲಿ ಅದು ಹದವಾದ ಬೂದು. ಬೇರೆ ಬೇರೆ ದಿನದ ತುಣುಕುಗಳನ್ನು ಸಮ ಮಾಡಿ ಕೂಡಿಸಿದ್ದರಿಂದ ಅಲ್ಲಿ ಹೊತ್ತೂ ಇಲ್ಲ, ಗೊತ್ತೂ ಇಲ್ಲ. ಇದಕ್ಕಿಂತ ದೊಡ್ಡ ತಕರಾರು, ಅದು ಆ ನೆಲವನ್ನು ಗಟ್ಟಿಯೆಂದು ನಂಬಿಸುತ್ತದೆ. (ನಕ್ಷತ್ರ ನೋಡಿ ದಾರಿ ತಿಳಿಯಲೆಂದು ಇಟ್ಟಿದ್ದ ಸಾಧಾರಣ ಕ್ಯಾಮೆರಾ 2019ರ ಜನವರಿಯಲ್ಲಿ ಬೆನ್ನುವಿನಿಂದ ಕಲ್ಲಿನ ಚೂರುಗಳು ಸಿಡಿಯುವುದನ್ನು ಸೆರೆಹಿಡಿದಿತ್ತು. ಈ ನೆಲ ಸುಮ್ಮನೆ ಬಿದ್ದಿರುವಂಥದ್ದಲ್ಲ ಎಂಬ ಸುದ್ದಿ ಬಂದದ್ದು ಅಲ್ಲಿಂದ.)

ಮಾದರಿ ಎತ್ತಿದ ದಿನ, 2020ರ ಅಕ್ಟೋಬರ್ 20ರಂದು, ಸ್ಯಾಮ್‌ಕ್ಯಾಮ್ ಎಂಬ ಕ್ಯಾಮೆರಾ ತೆಗೆದ ಸರಣಿ ಬೇರೆಯೇ ಜಾತಿಯದು. ಒಟ್ಟು ಐದು ನಿಮಿಷದ ಘಟನೆ, ನೆಲ ಮುಟ್ಟಿದ್ದು ಆರೇ ಸೆಕೆಂಡು. ನೌಕೆಯ ತೋಳಿನ ತುದಿ ಕಲ್ಲನ್ನು ಒತ್ತುತ್ತದೆ, ಕಲ್ಲು ಪುಡಿಯಾಗುತ್ತದೆ, ಜಲ್ಲಿ ಎದ್ದು ಚಿತ್ರವನ್ನೆಲ್ಲ ತುಂಬುತ್ತದೆ. ತೋಳು ಹೆಚ್ಚೇನೂ ತಡೆಯಿಲ್ಲದೆ ಅರ್ಧ ಮೀಟರಿನಷ್ಟು ಒಳಗೆ ಹೋಗಿತ್ತು. ಹಿಂದಕ್ಕೆ ನೂಕುವ ಎಂಜಿನ್ ಹೊತ್ತದಿದ್ದರೆ ನೌಕೆ ಇನ್ನೂ ಹೂತುಹೋಗುತ್ತಿತ್ತು. ಕಲ್ಲುಗಳನ್ನು ಒಂದಕ್ಕೊಂದು ಹಿಡಿದಿಡುವ ಬಲ ಅಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಐದು ಸೆಂಟಿಮೀಟರಿನ ನಕ್ಷೆಯನ್ನು ಎಷ್ಟು ದಿಟ್ಟಿಸಿದರೂ ಇದು ತಿಳಿಯುತ್ತಿರಲಿಲ್ಲ.

ಚೌಕಟ್ಟು ಓರೆ, ತೋಳೇ ಅರ್ಧ ನೋಟವನ್ನು ಮರೆಮಾಡುತ್ತದೆ, ಕೊನೆಕೊನೆಗೆ ಧೂಳು ಬಿಟ್ಟರೆ ಏನೂ ಕಾಣದು. ಆದರೂ ಈ ಯಾನದ ಅತ್ಯುತ್ತಮ ಛಾಯಾಗ್ರಹಣ ಇದೇ. ನಾಸಾ ಅದನ್ನು ಎಲ್ಲರಿಗೂ ತೆರೆದಿಟ್ಟಿದೆ. ಬೆನ್ನುವನ್ನು ಮೊದಲ ಸಲ ನೋಡುವವರು ನಕ್ಷೆಯನ್ನು ಆಮೇಲೆ ನೋಡಲಿ.