ಮಗ್ಗಲು ಬದಲಿಸುವ ಕೈಗಳು

ಸೂರತ್‌ನ ಉಧ್ನಾದಲ್ಲಿ ವಿದ್ಯುತ್ ಮಗ್ಗ ನಡೆಸುವ ಕೈಗಳಿಗೆ ಕಸುಬುದಾರರೆಂಬ ಹೆಸರಿದೆ. ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳುವ ಕೈಗಳಿಗೂ ಆ ಗೌರವ ಸಲ್ಲಬೇಕು. ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಬೇಕು. ಚರ್ಮ ಉಜ್ಜದಂತೆ, ಎಳೆಯದೆ, ಹಾಸಿದ ಬಟ್ಟೆಯ ಸಮೇತ ಎತ್ತಿ ಸರಿಸಬೇಕು. ಹಿಮ್ಮಡಿ ಒತ್ತದಂತೆ ಕಾಲಿನ ಕೆಳಗೆ ದಿಂಬು. ಕೂರಿಸಿಯೇ ತುತ್ತು, ಉಂಡ ಮೇಲೂ ಅರ್ಧ ಗಂಟೆ ಮಲಗಿಸಬಾರದು. ಚರ್ಮ ಕೆಂಪಾದೊಡನೆ ಬರಲಿರುವ ಹುಣ್ಣನ್ನು ಗುರುತಿಸುವುದೇ ನಿಜವಾದ ನೈಪುಣ್ಯ.

ಇದು ಕಲಿತು ಬರುವ ವಿದ್ಯೆ. ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 1998ರಿಂದ ಹಿರಿಯರ ಸೇವೆಯಲ್ಲಿದೆ, ಆರೈಕೆದಾರರಿಗೆ ತರಬೇತಿಯನ್ನೂ ಕೊಡುತ್ತದೆ. ಸಹಾಯಕರಾಗಿ ಆರಂಭಿಸಿದವರು ನರ್ಸಿಂಗ್ ಓದಿ ಮುಂದುವರಿಯಬಹುದು; ಫಿಸಿಯೊಥೆರಪಿ, ಮರೆವಿನ ಕಾಯಿಲೆಯ ಆರೈಕೆ, ಆಪ್ತಸಮಾಲೋಚನೆ ಬಲ್ಲವರಿಗೂ ಈ ಕ್ಷೇತ್ರದಲ್ಲಿ ಕೆಲಸವಿದೆ. ಇಂಥ ಕುಶಲತೆಗೆ ಮನೆಗೆಲಸದ ಕೂಲಿಯಲ್ಲ, ಕುಶಲಕರ್ಮಿಯ ಸಂಬಳವನ್ನೇ ಕೊಡೋಣ.