ಶಾಸನದ ಬಿಂದುವೂ ಮಸಿಯ ಹನಿಯೂ

ಶಾಸನಪಾಠವನ್ನು ಕುರಿತು ವಾದ ನಡೆಯುವಾಗ, ಮುದ್ರಿತ ಚಿತ್ರಫಲಕವನ್ನು ಮುಂದಿಟ್ಟು ‘ಅಕ್ಷರ ಇಲ್ಲಿ ಸ್ಪಷ್ಟವಾಗಿದೆ’ ಎಂದು ಮಾತನ್ನು ಮುಗಿಸುವ ರೂಢಿ ನಮ್ಮಲ್ಲಿದೆ. ಫಲಕವು ಕಲ್ಲಿನ ನಿಷ್ಪಕ್ಷಪಾತವಾದ ಪ್ರತಿಬಿಂಬವೆಂಬ ನಂಬಿಕೆಯೇ ಇದಕ್ಕೆ ಆಧಾರ. ಈ ನಂಬಿಕೆ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಸೇಡಂ, ಶಹಾಬಾದ್, ವಾಡಿ, ಚಿಂಚೋಳಿ, ಚಿತ್ತಾಪುರಗಳನ್ನು ಒಳಗೊಂಡ ಸುಣ್ಣಕಲ್ಲಿನ ಸೀಮೆಯು ಶಾಸನಗಳಿಂದ ಸಂಪನ್ನವಾದುದು. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ 1980ರ ದಶಕದಲ್ಲಿ ದೊರೆತ ಚಪ್ಪಡಿಯ ಮೇಲೆ ಅಶೋಕನ 12 ಮತ್ತು 14ನೆಯ ಬಂಡೆಶಾಸನಗಳೂ ಎರಡು ಪ್ರತ್ಯೇಕ ಶಾಸನಗಳೂ ಇವೆ. ಅವುಗಳ ಲಿಪಿ ಬ್ರಾಹ್ಮೀ. ಈ ಲಿಪಿಯಲ್ಲಿ ಬರಿಯ ವೃತ್ತವು ‘ಠ’; ವೃತ್ತದ ನಡುವೆ ಬಿಂದುವಿದ್ದರೆ ‘ಥ’; ಮೂರು ಬಿಂದುಗಳು ಕೂಡಿ ‘ಇ’; ಅಕ್ಷರದ ಪಕ್ಕದ ಬಿಂದು ಅನುಸ್ವಾರ. ಬಿಂದು ಅಳಿದರೆ ಪಾಠವೇ ಬೇರೆಯಾಗುತ್ತದೆ.

ಬಿಂದು ಅಳಿಯುವ ಮೊದಲ ಹಂತ ಪಡಿಯಚ್ಚು. ತೊಳೆದ ಕಲ್ಲಿನ ಮೇಲೆ ಒದ್ದೆಯ ಕಾಗದವನ್ನು ಹರಡಿ, ಕುಂಚದಿಂದ ಬಡಿದು ತಗ್ಗುಗಳಿಗೆ ಇಳಿಸಿ, ಅರೆ ಒಣಗಿದ ಮೇಲೆ ಮಸಿಯ ಉಂಡೆಯನ್ನು ಒತ್ತುವರು. ಉಬ್ಬು ಕಪ್ಪಾಗಿ, ತಗ್ಗು ಬೆಳ್ಳಗೆ ಉಳಿಯಬೇಕು. ಮಸಿ ತೀರ ತೆಳುವಾದರೆ ಅದು ತಗ್ಗಿಗೆ ಹರಿದು ಬಿಳಿಯ ಬಿಂದುವನ್ನು ತುಂಬಿಬಿಡುತ್ತದೆ. ‘ಥ’ವು ‘ಠ’ವಾಗಿ ತೋರುತ್ತದೆ.

ಎರಡನೆಯ ಹಂತ ಈಗಿನ ಇಂಕ್‌ಜೆಟ್ ಮುದ್ರಣ. 10 ಪಿಕೊಲೀಟರಿನ ಹನಿಯ ವ್ಯಾಸ ಸುಮಾರು 27 ಮೈಕ್ರಾನ್. ಕಾಗದದ ಮೇಲೆ ಅದು ಸುಮಾರು 50 ಮೈಕ್ರಾನಿಗೆ ಹರಡಿತೆಂದಿಟ್ಟುಕೊಳ್ಳೋಣ. ಕಲ್ಲಿನ ಮೇಲಿನ 3 ಮಿ.ಮೀ. ಬಿಂದುವು ಇಪ್ಪತ್ತರಲ್ಲೊಂದಕ್ಕೆ ಕುಗ್ಗಿದ ಚಿತ್ರದಲ್ಲಿ 0.15 ಮಿ.ಮೀ. ಆಗುತ್ತದೆ. ಎಂದರೆ, ಅದರ ಅಗಲ ಕೇವಲ ಮೂರು ಹನಿಗಳಷ್ಟು. ನೆರೆಯ ಹನಿಗಳು ತಾಗಿದೊಡನೆ ಅವುಗಳ ನಡುವೆ ದ್ರವದ ಸೇತುವೆ ಮೂಡುತ್ತದೆ. ಅದನ್ನು ಮೇಲ್ಮೈ ಕರ್ಷಣವು ಅಗಲಗೊಳಿಸುತ್ತದೆ, ಸ್ನಿಗ್ಧತೆಯು ತಡೆಯುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಸ್ನಿಗ್ಧತೆ 1 ಮಿಲಿಪಾಸ್ಕಲ್-ಸೆಕೆಂಡ್. ಈ ಮುದ್ರಣದ ಮಸಿಗಳದು ಸಾಮಾನ್ಯವಾಗಿ 2ರಿಂದ 20. ಸ್ನಿಗ್ಧತೆ ಕಡಮೆಯಾದಷ್ಟೂ ಹನಿಗಳು ಬೇಗನೆ ಒಂದಾಗಿ ಹರಡಿ, ನಡುವಿನ ಬಿಳಿಯನ್ನು ಮುಚ್ಚಬಲ್ಲವು.

ಹಾಗಾದರೆ ಗಟ್ಟಿಯಾದ ಮಸಿಯನ್ನು ಬಳಸಿದರಾಯಿತೆಂದು ಯಾರಾದರೂ ಹೇಳಬಹುದು. ಈ ಪರಿಹಾರವೂ ಪೂರ್ಣವಲ್ಲ. ಸ್ನಿಗ್ಧತೆ ಮಿತಿಮೀರಿದರೆ ಸೂಕ್ಷ್ಮರಂಧ್ರದಿಂದ ಹನಿ ಹೊರಡುವುದೇ ಕಷ್ಟ. ಹೊರಟರೂ, ಪೂರ್ತಿ ಬೆರೆಯುವ ಮೊದಲೇ ಒಣಗಿದ ಹನಿಗಳಿಂದ ಗೆರೆಯ ಅಂಚು ಅಲೆಯಲೆಯಾಗುತ್ತದೆ. ಹರಡದೆ ನಿಂತ ಹನಿಗಳ ನಡುವೆ ಬಿಳಿಯ ಚುಕ್ಕೆ ಉಳಿದು, ಕಲ್ಲಿನಲ್ಲಿಲ್ಲದ ಬಿಂದುವೂ ಹುಟ್ಟಬಹುದು. ಒಂದು ಅತಿ ಇದ್ದುದನ್ನು ಅಳಿಸುತ್ತದೆ. ಇನ್ನೊಂದು ಅತಿ ಇಲ್ಲದುದನ್ನು ಬರೆಯುತ್ತದೆ.

ಆದುದರಿಂದ ಪಾಠಾಂತರವನ್ನು ಸೂಚಿಸುವವರು ತಾವು ನೋಡಿದುದು ಕಲ್ಲನ್ನೋ, ಪಡಿಯಚ್ಚನ್ನೋ, ಅದರ ಮುದ್ರಣವನ್ನೋ ಎಂಬುದನ್ನು ತಪ್ಪದೆ ತಿಳಿಸಬೇಕು. ಬಿಂದುವೊಂದರ ಮೇಲೆ ನಿಂತ ವಾದವನ್ನು, ಓರೆಬೆಳಕಿನಲ್ಲಿ ಎರಡು ದಿಕ್ಕಿನಿಂದ ತೆಗೆದ ಛಾಯಾಚಿತ್ರಗಳೊಡನೆ ಹೋಲಿಸದೆ ಒಪ್ಪಲಾಗದು. ನಮ್ಮ ವಿದ್ಯಾರ್ಥಿಗಳಿಗೆ ಸನ್ನತಿ ದೂರದ ಊರಲ್ಲ. ಫಲಕದಲ್ಲಿ ಓದಿದ ಅಕ್ಷರವನ್ನು ಕಲ್ಲಿನಲ್ಲಿ ಒಮ್ಮೆ ನೋಡಿ ಬರುವುದು ಅವರ ಪಾಠಕ್ರಮದ ಭಾಗವಾಗುವುದು ಅವಶ್ಯ.